ಕಲ್ಲಿಗಂಟಿದ ಬಾನಾಡಿ, ಓಲೆಗಂಟಿದ ಬಾನಾಡಿ

ಹಾಸನದ ಸುತ್ತಿನ ಊರುಗಳಲ್ಲಿ ಹೊತ್ತು ಇಳಿಯುವಾಗ ತಲೆಯೆತ್ತಿ ನೋಡಿದವರಿಗೆ ಪುಟ್ಟ ಕಪ್ಪು ಹಕ್ಕಿಗಳ ಗುಂಪೊಂದು ಕಂಡೇ ಕಾಣುತ್ತದೆ. ಅವು ಕರೆಂಟ್ ತಂತಿಯ ಮೇಲೆ ಕೂರುವುದಿಲ್ಲ, ಕೊಂಬೆ ಹಿಡಿಯುವುದಿಲ್ಲ, ಕಾಳು ಹೆಕ್ಕಲು ಅಂಗಳಕ್ಕೆ ಇಳಿಯುವುದೂ ಇಲ್ಲ. ಬೆಳಗಿನಿಂದ ಬೈಗಿನವರೆಗೆ ಹಾರುತ್ತಲೇ ಇರುತ್ತವೆ. ಕೆಲವರು ಇವನ್ನು ಬಾವಲಿ ಎಂದುಕೊಳ್ಳುತ್ತಾರೆ, ಕೆಲವರು ಅಂಬರಗುಬ್ಬಿ ಎನ್ನುತ್ತಾರೆ, ಹೆಚ್ಚಿನವರು ಗಮನಿಸುವುದೇ ಇಲ್ಲ. ಇವು ಬಾನಾಡಿಗಳು. ಸರಿಯಾಗಿ ನೋಡಿದರೆ ನಮ್ಮ ಬಯಲಿನ ಮೇಲೆ ಹಾರುತ್ತಿರುವುದು ಒಂದು ಜಾತಿಯಲ್ಲ, ಎರಡು: ಮನೆ ಬಾನಾಡಿ ಮತ್ತು ತಾಳೆ ಬಾನಾಡಿ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಜನ ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕು ಎಂಬುದು ನನ್ನ ಆಸೆ. ಹೆಸರು ಹೇಳಲು ಬಂದರೆ ಸಾಕು ಎಂಬ ಕಾರಣಕ್ಕಲ್ಲ. ಒಂದೇ ಗಾಳಿಯಲ್ಲಿ ಉಣ್ಣುವ, ಒಂದೇ ಬಗೆಯ ಎಂಜಲಿನಿಂದ ಗೂಡು ಅಂಟಿಸುವ ಈ ಎರಡು ಹಕ್ಕಿಗಳ ನಾಳೆ ಒಂದೇ ಥರ ಇಲ್ಲ. ಒಂದು ನಾವು ಕಟ್ಟಿದ ಗೋಡೆಯನ್ನು ನಂಬಿದೆ, ಇನ್ನೊಂದು ನಾವು ಕಡಿಯುವ ಮರವನ್ನು.

ಮೊದಲು ಗುರುತಿನ ವಿಷಯ. ಮನೆ ಬಾನಾಡಿ ಕಪ್ಪು ಹಕ್ಕಿ. ಗಂಟಲು ಬಿಳಿ, ಬಾಲದ ಬುಡದಲ್ಲಿ ಬೆನ್ನಿನ ಮೇಲೆ ಅಚ್ಚ ಬಿಳಿಯ ಪಟ್ಟಿ. ಬಾಲ ಮೋಟು, ತುದಿ ಕತ್ತರಿಸಿದಂತೆ ನೇರ. ಹಕ್ಕಿ ತಿರುಗುವಾಗ ಆ ಬಿಳಿ ಪಟ್ಟಿ ಒಮ್ಮೆ ಹೊಳೆದು ಮಾಯವಾಗುತ್ತದೆ. ಅಷ್ಟು ಕಂಡರೆ ಗುರುತು ಖಚಿತ. ತಾಳೆ ಬಾನಾಡಿಯ ಮೈಮೇಲೆ ಎಲ್ಲೂ ಬಿಳಿ ಇಲ್ಲ, ಇಡೀ ಮೈ ಮಾಸಲು ಕಂದು. ಬಾಲ ಉದ್ದ, ಆಳವಾಗಿ ಕವಲೊಡೆದಿದೆ. ಆದರೆ ಕವಲನ್ನು ಅದು ಸಾಮಾನ್ಯವಾಗಿ ಮುಚ್ಚಿಕೊಂಡೇ ಹಾರುವುದರಿಂದ ಬಾಲ ಚೂಪಾದ ಒಂದೇ ಎಳೆಯಂತೆ ತೋರುತ್ತದೆ. ಚಕ್ಕನೆ ತಿರುಗುವ ಗಳಿಗೆಯಲ್ಲಿ ಮಾತ್ರ ಅದು ಎರಡಾಗಿ ಬಿಚ್ಚಿಕೊಳ್ಳುತ್ತದೆ. ಎರಡರ ರೆಕ್ಕೆಯೂ ಕುಡುಗೋಲಿನಂತೆ ಹಿಂದಕ್ಕೆ ಬಾಗಿರುತ್ತದೆ. ತಾಳೆ ಬಾನಾಡಿಯದು ಇನ್ನೂ ಸಪೂರ.

ಉದ್ದದಲ್ಲಿ ಎರಡೂ ಹೆಚ್ಚುಕಡಿಮೆ ಗುಬ್ಬಿಯಷ್ಟೇ. ತೂಕದಲ್ಲಿ ಮಾತ್ರ ದೊಡ್ಡ ಅಂತರವಿದೆ. ಮನೆ ಬಾನಾಡಿ ಸುಮಾರು 25 ಗ್ರಾಂ ತೂಗಿದರೆ ತಾಳೆ ಬಾನಾಡಿ ಹತ್ತು ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಹಗುರತನ ಅದರ ಬದುಕಿಗೆ ಎಷ್ಟು ಮುಖ್ಯ ಎಂಬುದು ಗೂಡಿನ ಮಾತು ಬಂದಾಗ ತಿಳಿಯುತ್ತದೆ. ಹಾರಾಟದಲ್ಲೂ ವ್ಯತ್ಯಾಸವಿದೆ. ಮನೆ ಬಾನಾಡಿಗಳು ಊರ ಮೇಲೆ ಎತ್ತರದಲ್ಲಿ ದೊಡ್ಡ ಗುಂಪಾಗಿ ಸುತ್ತುತ್ತವೆ. ಸಂಜೆ ಇಡೀ ಗುಂಪು ಒತ್ತೊತ್ತಾಗಿ ಸೇರಿ, ಕಿರುಚುತ್ತಾ ಮೇಲೇರಿ, ಮತ್ತೆ ಚದುರುತ್ತದೆ. ತಾಳೆ ಬಾನಾಡಿಗಳದು ಚಿಕ್ಕ, ಸಡಿಲ ಗುಂಪು. ಅವು ಸಾಮಾನ್ಯವಾಗಿ ಮರದ ನೆತ್ತಿಯ ಮಟ್ಟದಲ್ಲಿ, ತಮ್ಮ ತಾಳೆಮರದಿಂದ ಹೆಚ್ಚು ದೂರ ಹೋಗದೆ ಸುಳಿಯುತ್ತಿರುತ್ತವೆ. ಅವುಗಳ ಕೂಗು ತೆಳು, ಚೂಪು. ಮೂರು ಸ್ವರ ಬೆನ್ನುಬೆನ್ನಿಗೆ ಬಂದಂತೆ ಕೇಳುತ್ತದೆ.

ಅಂಬರಗುಬ್ಬಿಯ ಜೊತೆ ಆಗುವ ಗೊಂದಲವನ್ನೂ ಇಲ್ಲೇ ಬಿಡಿಸಬಹುದು. ಚಳಿಗಾಲದಲ್ಲಿ ಗದ್ದೆ ಬದಿಯ ತಂತಿಗಳ ಮೇಲೆ ಸಾಲಾಗಿ ಕೂರುವ ಕವಲು ಬಾಲದ ಹಕ್ಕಿಗಳು ಅಂಬರಗುಬ್ಬಿಗಳು. ತಂತಿಯ ಮೇಲೆ ಕೂತಿದ್ದರೆ ಅದು ಬಾನಾಡಿ ಅಲ್ಲವೇ ಅಲ್ಲ, ಅಷ್ಟು ಸುಲಭ. ಅಂಬರಗುಬ್ಬಿ ಗುಬ್ಬಿ, ಪಿಕಳಾರಗಳಂಥ ಕೂರುವ ಹಕ್ಕಿಗಳ ದೊಡ್ಡ ಗಣಕ್ಕೆ ಸೇರಿದ್ದು. ಬಾನಾಡಿಯ ಹತ್ತಿರದ ನೆಂಟರಲ್ಲಿ ಒಬ್ಬ ಇರುವುದು ಸಾಗರದಾಚೆ, ಅಮೆರಿಕ ಖಂಡಗಳಲ್ಲಿ: ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಹೀರುವ ಹಮ್ಮಿಂಗ್‌ಬರ್ಡ್. ಅಂಬರಗುಬ್ಬಿಯೂ ಬಾನಾಡಿಯೂ ನೋಡಲು ಒಂದೇ ಥರ ಇರುವುದಕ್ಕೆ ಇಬ್ಬರ ಕಸುಬು ಒಂದೇ ಆಗಿರುವುದು ಕಾರಣ. ಹಾರುವ ಹುಳುವನ್ನು ಹಾರುತ್ತಲೇ ಹಿಡಿಯಬೇಕಾದ ದೇಹ ಉದ್ದ ರೆಕ್ಕೆ, ಪುಟ್ಟ ಕೊಕ್ಕು, ಅಗಲ ಬಾಯಿಯತ್ತ ಹೊರಳುತ್ತದೆ.

ಬಾನಾಡಿ ಈ ಕಸುಬಿನಲ್ಲಿ ಎಲ್ಲರಿಗಿಂತ ಮುಂದೆ ಹೋದ ಹಕ್ಕಿ. ಅದರ ತೋಳಿನ ಮೂಳೆ ತೀರಾ ಗಿಡ್ಡ, ಅಂಗೈ ಭಾಗವೂ ಅಲ್ಲಿಂದ ಹೊರಟ ಪುಕ್ಕಗಳೂ ತೀರಾ ಉದ್ದ. ಯುರೋಪಿನ ಸಾಮಾನ್ಯ ಬಾನಾಡಿಗಳ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲವು ಹಕ್ಕಿಗಳು ವರ್ಷದಲ್ಲಿ ಹತ್ತು ತಿಂಗಳು ಎಲ್ಲೂ ಇಳಿಯದೆ ಗಾಳಿಯಲ್ಲೇ ಇರುತ್ತವೆ. ನಮ್ಮ ಎರಡು ಬಾನಾಡಿಗಳು ಅಷ್ಟು ದೂರ ಹೋಗುವ ವಲಸಿಗರಲ್ಲ. ಅವು ವರ್ಷವಿಡೀ ಇಲ್ಲಿಯವೇ, ರಾತ್ರಿ ತಮ್ಮ ಗೂಡಿಗೋ ಓಲೆಗೋ ಮರಳುತ್ತವೆ. ಆದರೆ ಹಗಲಿನ ಬಾಳೆಲ್ಲ ರೆಕ್ಕೆಯ ಮೇಲೆಯೇ ಕಳೆಯುತ್ತದೆ. ಕುಡಿಯುವುದೂ ಹಾಗೆಯೇ: ಕೆರೆಯ ಮೇಲೆ ಸವರಿಕೊಂಡು ಹೋಗುತ್ತಾ ಬಾಯಿ ತೆರೆದು ಒಂದು ಗುಟುಕು ಎತ್ತಿಕೊಳ್ಳುತ್ತವೆ.

ಇದಕ್ಕೆ ಅವು ತೆತ್ತ ಬೆಲೆ ಕಾಲು. ಬಾನಾಡಿಯ ಕಾಲು ಎಷ್ಟು ಗಿಡ್ಡವೆಂದರೆ ನೆಲದ ಮೇಲೆ ನಡೆಯಲು, ಕೊಂಬೆಯ ಮೇಲೆ ಕೂರಲು ಬರುವುದೇ ಇಲ್ಲ. ಇರುವುದು ಚೂಪು ಉಗುರುಗಳ ಹಿಡಿತ ಮಾತ್ರ. ಆ ಉಗುರಿನಿಂದ ಅದು ಗೋಡೆಗೋ ಬಂಡೆಗೋ ಎಲೆಗೋ ಜೋತುಬೀಳಬಲ್ಲದು. ಹಾಗಾಗಿ ಗೂಡು ಕಟ್ಟುವ ಜಾಗ ಎತ್ತರದಲ್ಲಿರಬೇಕು, ಕೆಳಗೆ ಬಯಲಿರಬೇಕು. ಗೂಡು ಬಿಟ್ಟ ಹಕ್ಕಿ ಮೊದಲು ಕೆಳಕ್ಕೆ ಜಾರಿ, ಆ ವೇಗದಲ್ಲಿ ರೆಕ್ಕೆ ಬಿಚ್ಚುತ್ತದೆ. ನೆಲದಿಂದ ಕಡ್ಡಿ ಹೆಕ್ಕಲಾಗದ ಈ ಹಕ್ಕಿ ಗೂಡಿಗೆ ಬೇಕಾದ ಸಾಮಾನನ್ನೂ ಗಾಳಿಯಲ್ಲೇ ಹಿಡಿಯಬೇಕು: ತೇಲುವ ಪುಕ್ಕ, ಹುಲ್ಲಿನ ಎಳೆ, ಬೂರುಗದ ಅರಳೆ. ಅದನ್ನೆಲ್ಲ ಅಂಟಿಸಲು ಇರುವುದು ಗೂಡು ಕಟ್ಟುವ ಕಾಲದಲ್ಲಿ ಬಾಯಲ್ಲಿ ಹೇರಳವಾಗಿ ಒಸರುವ ಎಂಜಲು. ಗಾಳಿಗೆ ಒಣಗಿದರೆ ಅದು ಗಟ್ಟಿ ಗೋಂದು.

ಇಲ್ಲಿಯವರೆಗೆ ಎರಡೂ ಹಕ್ಕಿಗಳ ಕಥೆ ಒಂದೇ. ಆ ಗೋಂದನ್ನು ಎಲ್ಲಿಗೆ ಅಂಟಿಸಬೇಕು ಎಂಬಲ್ಲಿ ದಾರಿ ಬೇರೆಯಾಗುತ್ತದೆ.

ಮನೆ ಬಾನಾಡಿಯ ಪೂರ್ವಿಕರು ಬಂಡೆಯ ಸೂರುಗಳಲ್ಲಿ ಗೂಡು ಕಟ್ಟುತ್ತಿದ್ದವರು. ಮನುಷ್ಯ ಕಲ್ಲಿನ ಕಟ್ಟಡ ಎಬ್ಬಿಸಿದಾಗ ಆ ಹಕ್ಕಿಗೆ ಅದೂ ಒಂದು ಬಂಡೆಯೇ ಆಯಿತು. ಗೋಪುರ, ಮಂಟಪ, ಮಸೀದಿಯ ಕಮಾನು, ಹಳೆಯ ಸೇತುವೆಯ ತಳ, ಬಸ್ ನಿಲ್ದಾಣದ ಚಾವಣಿ, ಓವರ್‌ಹೆಡ್ ಟ್ಯಾಂಕಿನ ಅಡಿ ಇವೆಲ್ಲ ಅದರ ವಸತಿ. ಹುಲ್ಲು, ಪುಕ್ಕಗಳನ್ನು ಎಂಜಲಿನಿಂದ ಬೆಸೆದು ಗೋಡೆ ಮತ್ತು ಚಾವಣಿ ಸೇರುವ ಮೂಲೆಯಲ್ಲಿ ಗುಂಡಗಿನ ಗೂಡು ಕಟ್ಟುತ್ತದೆ. ಒಂದರ ಪಕ್ಕ ಇನ್ನೊಂದು, ಅದರ ಮೇಲೊಂದು ಎಂದು ಗೂಡುಗಳು ಒಟ್ಟಾಗಿ ದೊಡ್ಡ ಗೊಂಚಲಾಗುತ್ತವೆ. ಎರಡರಿಂದ ನಾಲ್ಕು ಬಿಳಿ ಮೊಟ್ಟೆ. ಮರಿಯಾದ ಮೇಲೂ ಗೂಡು ಬಿಡುವುದಿಲ್ಲ. ವರ್ಷವಿಡೀ ರಾತ್ರಿ ಅಲ್ಲೇ ಮಲಗುತ್ತದೆ, ಮರುವರ್ಷ ಅದನ್ನೇ ರಿಪೇರಿ ಮಾಡಿಕೊಳ್ಳುತ್ತದೆ. ಗುಬ್ಬಿಗಳು ನುಗ್ಗಿ ಗೂಡು ಕಸಿದುಕೊಳ್ಳುವುದೂ ಉಂಟು. 1960ರ ದಶಕದಲ್ಲಿ ಬರೋಡದಲ್ಲಿ ಆರ್. ಎಂ. ನಾಯಕ್ ಮತ್ತು ಅಬ್ದುಲ್ ರಜಾಕ್ ಈ ಹಕ್ಕಿಯ ಸಂತಾನೋತ್ಪತ್ತಿಯನ್ನು ಹತ್ತಿರದಿಂದ ಅಧ್ಯಯನ ಮಾಡಿ ಸರಣಿ ಲೇಖನಗಳನ್ನೇ ಪ್ರಕಟಿಸಿದರು. ನಮ್ಮ ದೇಶದ ಬಾನಾಡಿಗಳಲ್ಲಿ ಇಷ್ಟು ಗಮನ ಸಿಕ್ಕ ಹಕ್ಕಿಗಳು ವಿರಳ.

ತಾಳೆ ಬಾನಾಡಿಗೆ ಕಲ್ಲು ಬೇಡ. ಬೀಸಣಿಗೆಯಾಕಾರದ ತಾಳೆ ಓಲೆ ಒಣಗಿ ಕಾಂಡದ ಪಕ್ಕಕ್ಕೆ ಜೋತುಬಿದ್ದಾಗ ಅದರ ಒಳಮುಖದ ಮಡಿಕೆಯಲ್ಲಿ ಗೂಡು ಕಟ್ಟುತ್ತದೆ. ಗೂಡು ಎನ್ನುವುದೂ ಹೆಚ್ಚಾಯಿತು. ಅರಳೆ ಮತ್ತು ಪುಕ್ಕದಿಂದ ಮಾಡಿದ ಅಂಗೈಗಿಂತ ಚಿಕ್ಕದಾದ ಅರೆಬಟ್ಟಲು, ಅಷ್ಟೆ. ಓಲೆ ಗಾಳಿಗೆ ತೂಗುತ್ತದೆ, ಬಡಿದಾಡುತ್ತದೆ. ಮೊಟ್ಟೆ ಉರುಳಿಹೋಗಬಾರದಲ್ಲ? ಅದಕ್ಕೆ ತಾಯಿಹಕ್ಕಿ ಕಂಡುಕೊಂಡ ಉಪಾಯ ಮೊಟ್ಟೆಯನ್ನೂ ಎಂಜಲಿನಿಂದ ಗೂಡಿಗೆ ಅಂಟಿಸಿಬಿಡುವುದು. ಎರಡೋ ಮೂರೋ ಮೊಟ್ಟೆ, ಎಲ್ಲವೂ ಅಂಟಿಕೊಂಡಿರುತ್ತವೆ. ಕಾವು ಕೊಡುವ ಹಕ್ಕಿ ಓಲೆಗೆ ಉಗುರೂರಿ ನೆಟ್ಟಗೆ ಜೋತುಬಿದ್ದು ಎದೆಯನ್ನು ಮೊಟ್ಟೆಗೆ ಒತ್ತುತ್ತದೆ. ಹೊರಬಂದ ಮರಿಯೂ ಉಗುರಿನಿಂದಲೇ ಹಿಡಿದುಕೊಂಡು ಬೆಳೆಯಬೇಕು. ಹತ್ತು ಗ್ರಾಂ ತೂಕದ ಮಹತ್ವ ಇಲ್ಲಿದೆ: ಒಣಗಿದ ಓಲೆಯೊಂದು ಇಡೀ ಸಂಸಾರವನ್ನು ಹೊರಬೇಕಾದರೆ ಸಂಸಾರ ಹಗುರವಾಗಿರಲೇಬೇಕು.

ವಿಜ್ಞಾನದ ದಾಖಲೆಯಲ್ಲಿ ಎರಡೂ ಹಕ್ಕಿಗಳು ಹೆಚ್ಚುಕಡಿಮೆ ಜೊತೆಯಲ್ಲೇ ಕಾಲಿಟ್ಟವು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಜಾನ್ ಎಡ್ವರ್ಡ್ ಗ್ರೇ ತಾಳೆ ಬಾನಾಡಿಯನ್ನು 1829ರಲ್ಲಿ, ಮನೆ ಬಾನಾಡಿಯನ್ನು 1830ರಲ್ಲಿ ವಿವರಿಸಿ ಹೆಸರಿಟ್ಟ. ಆಮೇಲೆ ಎರಡರ ಗುರುತೂ ಬಹುಕಾಲ ಬೇರೆ ಹಕ್ಕಿಗಳ ಜೊತೆ ಬೆರೆತೇ ಇತ್ತು. ಹಳೆಯ ಪುಸ್ತಕಗಳು ನಮ್ಮ ತಾಳೆ ಬಾನಾಡಿಯನ್ನು ಆಫ್ರಿಕಾದ ತಾಳೆ ಬಾನಾಡಿಯ ಒಂದು ರೂಪ ಎಂದವು. ಈಗ ಅದು ಸಿಪ್ಸಿಯೂರಸ್ ಬಾಲಾಸಿಯೆನ್ಸಿಸ್ ಎಂಬ ಪ್ರತ್ಯೇಕ ಜಾತಿ. ಅದೇ ಪುಸ್ತಕಗಳು ನಮ್ಮ ಮನೆ ಬಾನಾಡಿಯನ್ನೂ ಹಿಮಾಲಯದಿಂದ ಪೂರ್ವಕ್ಕೆ ಹಬ್ಬಿರುವ ಇನ್ನೊಂದನ್ನೂ ಒಂದೇ ಎಂದು ಎಣಿಸಿದ್ದವು; ಈಗ ದಕ್ಷಿಣದ್ದು ಏಪಸ್ ಅಫಿನಿಸ್, ಆ ಕಡೆಯದು ಏಪಸ್ ನಿಪಾಲೆನ್ಸಿಸ್. ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿ ಅದರ ವರದಿಯನ್ನು 1942–43ರಲ್ಲಿ ಪ್ರಕಟಿಸಿದರು. ಅಂದಿನ ಸಂಸ್ಥಾನದೊಳಗೇ ಇದ್ದ ನಮ್ಮ ಜಿಲ್ಲೆಯ ಹಕ್ಕಿಗಳ ಬಗ್ಗೆ ಇಂದು ಮಾತಾಡುವವರು ಅಲ್ಲಿಂದಲೇ ಶುರು ಮಾಡಬೇಕು.

ಈಗ ನೆಲಕ್ಕೆ ಬರೋಣ. ಹಾಸನ ಎರಡು ಮುಖದ ಜಿಲ್ಲೆ. ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು, ಕಾಫಿ, ಧೋ ಎನ್ನುವ ಮಳೆ. ಪೂರ್ವಕ್ಕೆ ಹೋದಂತೆ ಮಳೆ ತಗ್ಗಿ ಚನ್ನರಾಯಪಟ್ಟಣದ ತೆಂಗಿನ ಬಯಲು. ನಡುವೆ ಗೊರೂರಿನ ಅಣೆಕಟ್ಟೆಯಿಂದ ಹೊರಟ ಹೇಮಾವತಿ ನಾಲೆಗಳ ಗದ್ದೆ, ಅರಕಲಗೂಡಿನ ಹೊಗೆಸೊಪ್ಪು, ಹಾಸನದ ಆಲೂಗಡ್ಡೆ. ಇಷ್ಟು ಬಗೆಯ ಬೆಳೆ, ಕೆರೆ, ನಾಲೆ ಇರುವಲ್ಲಿ ಗಾಳಿಗೇರುವ ಹುಳುಗಳಿಗೆ ಬರವಿಲ್ಲ. ಮೊದಲ ಮಳೆಗೆ ನೆಲದಿಂದ ಏಳುವ ಈಸಲು, ರೆಕ್ಕೆಯಿರುವೆ, ಗದ್ದೆಯ ಜಿಗಿಹುಳು, ನೊಣ, ಸಣ್ಣ ದುಂಬಿ, ನೂಲು ಬಿಟ್ಟು ಗಾಳಿಯಲ್ಲಿ ತೇಲುವ ಮರಿ ಜೇಡಗಳು ಬಾನಾಡಿಯ ಊಟ. ಮರಿಗಳಿಗೆ ಒಯ್ಯುವಾಗ ನೂರಾರು ಹುಳುಗಳನ್ನು ಗಂಟಲಲ್ಲಿ ಎಂಜಲಿನೊಂದಿಗೆ ಉಂಡೆಕಟ್ಟಿ ತರುತ್ತದೆ. ಹುಳು ತಿನ್ನುವ ಹಕ್ಕಿಗಳು ದೇಶದಲ್ಲಿ ಕಡಿಮೆಯಾಗುತ್ತಿವೆ ಎಂದು ಭಾರತದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ ಎಚ್ಚರಿಸಿದೆ. ನಮ್ಮ ಎರಡೂ ಬಾನಾಡಿಗಳು ಸದ್ಯ ಜಾಗತಿಕ ಅಪಾಯದ ಪಟ್ಟಿಯಲ್ಲಿಲ್ಲ. ಆದರೆ ಗಾಳಿಯ ಹುಳುವನ್ನೇ ನಂಬಿದ ಹಕ್ಕಿಗೆ ಹೊಲಕ್ಕೆ ಹೊಡೆಯುವ ವಿಷ ನೇರವಾಗಿ ಊಟಕ್ಕೆ ಬೀಳುವ ಕತ್ತರಿ.

ವಸತಿಯ ವಿಷಯದಲ್ಲಿ ಎರಡರ ಅದೃಷ್ಟ ಬೇರೆ. ಮನೆ ಬಾನಾಡಿಗೆ ಹಾಸನ ಸಿರಿವಂತ ಸೀಮೆ. ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆಯ ಹೊಯ್ಸಳ ಗುಡಿಗಳು, ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಗುಡಿ, ಶ್ರವಣಬೆಳಗೊಳದ ಬಸದಿಗಳು, ಹೇಮಾವತಿ ಕಾವೇರಿಗಳ ಮೇಲಿನ ಸೇತುವೆಗಳು ಎಂದು ಇಲ್ಲಿ ಕಲ್ಲಿಗೂ ಕಾಂಕ್ರೀಟಿಗೂ ಕೊರತೆಯಿಲ್ಲ. ಕೊರತೆ ಬರುವುದು ನಮ್ಮ ಅಸಹನೆಯಿಂದ. ಜಾತ್ರೆಗೆ ಮುಂಚೆ ಸುಣ್ಣಬಣ್ಣ ಹೊಡೆಯುವಾಗ ಗೂಡುಗಳನ್ನು ಗಳದಿಂದ ಕೆಡವಿ ಗುಡಿಸುವುದು ನಮ್ಮಲ್ಲಿ ಮಾಮೂಲು. ಮನೆ ಬಾನಾಡಿ ಮರಿ ಮಾಡುವುದು ಹೆಚ್ಚಾಗಿ ಫೆಬ್ರುವರಿಯಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಜಾತ್ರೆಗಳ ಕಾಲವೂ ಬಹುಪಾಲು ಅದರಲ್ಲೇ ಬೀಳುತ್ತದೆ. ಗುಬ್ಬಿಯ ಮರಿ ಎರಡು ವಾರದಲ್ಲಿ ಹಾರಿದರೆ ಬಾನಾಡಿಯ ಮರಿಗೆ ಐದು ವಾರಕ್ಕೂ ಹೆಚ್ಚು ಬೇಕು, ಏಕೆಂದರೆ ಗೂಡು ಬಿಟ್ಟ ದಿನವೇ ಅದು ಪೂರಾ ಹಾರಾಟ ಬಲ್ಲ ಹಕ್ಕಿಯಾಗಿರಬೇಕು. ಕಾವಿನ ಮೂರು ವಾರ ಸೇರಿಸಿದರೆ ಎರಡು ತಿಂಗಳು. ಆ ಎರಡು ತಿಂಗಳಲ್ಲಿ ಯಾವ ದಿನ ಗಳ ತಾಗಿದರೂ ಆ ಸಂಸಾರ ಮುಗಿದಂತೆ.

ಜೆರುಸಲೇಮಿನಲ್ಲಿ ಯಹೂದಿಗಳಿಗೆ ಅತಿ ಪವಿತ್ರವಾದ ಪಶ್ಚಿಮ ಗೋಡೆಯ ಬಿರುಕುಗಳಲ್ಲಿ ಸಾಮಾನ್ಯ ಬಾನಾಡಿಗಳು ತಲೆತಲಾಂತರದಿಂದ ಗೂಡು ಮಾಡುತ್ತಿವೆ. ಗೋಡೆಯ ದುರಸ್ತಿಯಲ್ಲಿ ಆ ಬಿರುಕುಗಳನ್ನು ಮುಚ್ಚದೆ ಹಕ್ಕಿಗಳಿಗೆ ಉಳಿಸಲಾಗಿದೆ. ಪ್ರತಿ ವಸಂತದಲ್ಲಿ ಹಕ್ಕಿಗಳು ಬಂದಾಗ ಅವನ್ನು ಸ್ವಾಗತಿಸುವ ಸಮಾರಂಭವೂ ನಡೆಯುತ್ತದೆ. ಪೂಜೆ ನಡೆಯುವ ಜಾಗದಲ್ಲೇ ಇದು ಸಾಧ್ಯವಾದರೆ ನಮ್ಮ ದೇವಸ್ಥಾನ ಸಮಿತಿಗಳಿಗೂ ಸಾಧ್ಯ. ಹಿಕ್ಕೆ ಬೀಳುತ್ತದೆ ಎಂಬ ದೂರು ನ್ಯಾಯವಾದದ್ದೇ. ಅದಕ್ಕೆ ಗೂಡಿನ ಗೊಂಚಲಿನ ಕೆಳಗೆ ಒಂದು ಹಲಗೆ ಸಿಕ್ಕಿಸಿದರೆ ಸಾಕು. ತೊಳೆದು ಬಣ್ಣ ಬಳಿಯಲೇಬೇಕಿದ್ದರೆ ಅಕ್ಟೋಬರ್ ಕಳೆದ ಮೇಲೆ, ಗೂಡಿನಲ್ಲಿ ಮರಿಯಿಲ್ಲವೆಂದು ನೋಡಿಕೊಂಡು ಮಾಡಬಹುದು.

ತಾಳೆ ಬಾನಾಡಿಯ ಕಷ್ಟ ಇದಕ್ಕಿಂತ ಮೌನವಾದದ್ದು. ಚನ್ನರಾಯಪಟ್ಟಣ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ತೆಂಗು ಇದ್ದರೂ ಈ ಹಕ್ಕಿ ಮೊದಲು ಹುಡುಕುವುದು ಬೀಸಣಿಗೆಯಂಥ ಅಗಲ ಓಲೆಯ ತಾಳೆಮರವನ್ನು. ಸೀಳುಸೀಳಾದ ತೆಂಗಿನ ಗರಿಯಲ್ಲಿ ಅಂಥ ಮಡಿಕೆ ಇಲ್ಲ. ಅಡಿಕೆ ಸೋಗೆಯಲ್ಲಿ ಗೂಡು ಕಟ್ಟಿದ ದಾಖಲೆಗಳಿವೆ. ಈಶಾನ್ಯದ ಬೆಟ್ಟಗಳಲ್ಲಿ ತಾಳೆ ಓಲೆ ಹೊದಿಸಿದ ಗುಡಿಸಲಿನ ಸೂರಿನಲ್ಲೂ ಕಟ್ಟಿದೆ. ಆದರೆ ಓಲೆ ಹೊದಿಸುವ ಮನೆಗಳು ಇಂದು ನಮ್ಮಲ್ಲಿಲ್ಲ. ಕೆರೆ ಏರಿಯ, ಹೊಲದ ಬದುವಿನ ಒಂಟಿ ತಾಳೆಮರಕ್ಕೆ ಹುಟ್ಟುವಳಿ ಇಲ್ಲವೆಂದು ಯಾರೂ ಹೊಸದಾಗಿ ನೆಡುವುದಿಲ್ಲ. ರಸ್ತೆ ಅಗಲವಾಗುವಾಗ ಮೊದಲು ಉರುಳುವುದೂ ಅದೇ. ಉಳಿದಿರುವ ಆಸರೆ ಪಟ್ಟಣದ ಉದ್ಯಾನ, ಕಾಲೇಜು, ಕಚೇರಿಗಳ ಆವರಣದಲ್ಲಿ ಅಂದಕ್ಕಾಗಿ ನೆಟ್ಟ ಬೀಸಣಿಗೆ ತಾಳೆಗಳು. ಅಲ್ಲೂ ಒಣ ಓಲೆ ಕಂಡರೆ ಅಸಹ್ಯವೆಂದು ಮಾಲಿಯಿಂದ ಕತ್ತರಿಸಿ ಹಾಕಿಸುತ್ತೇವೆ. ಹಕ್ಕಿಗೆ ಬೇಕಾದದ್ದು ನಿಖರವಾಗಿ ಆ ಒಣ ಓಲೆಯೇ. ತಾಳೆ ಬಾನಾಡಿ ಹೆಚ್ಚುಕಡಿಮೆ ವರ್ಷವಿಡೀ ಮರಿ ಮಾಡುವುದರಿಂದ ಇಂಥ ಓಲೆ ಕತ್ತರಿಸಲು ಸುರಕ್ಷಿತ ತಿಂಗಳು ಎಂಬುದೂ ಇಲ್ಲ. ದಾರಿಹೋಕರ ತಲೆಯ ಮೇಲೆ ಬೀಳುವ ಅಪಾಯವಿಲ್ಲದ ಕಡೆ ಓಲೆಗಳನ್ನು ಹಾಗೆಯೇ ಬಿಡುವುದೊಂದೇ ಉಪಾಯ.

ಇನ್ನೊಂದು ಮಾತು ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು. ಬಿರುಗಾಳಿ ಮಳೆಯ ಮರುದಿನ ಬಾನಾಡಿಯೊಂದು ನೆಲದಲ್ಲಿ ರೆಕ್ಕೆ ಹರಡಿ ಬಿದ್ದಿದ್ದರೆ ಅದಕ್ಕೆ ಗಾಯವಾಗಿದೆ ಎಂದೇ ತಿಳಿಯಬೇಕಿಲ್ಲ. ಉದ್ದ ರೆಕ್ಕೆ, ಗಿಡ್ಡ ಕಾಲಿನ ಹಕ್ಕಿಗೆ ನೆಲದಿಂದ ಏಳುವುದು ಕಷ್ಟ. ಅನ್ನ, ಹಾಲು, ಕಾಳು ಬಾಯಿಗೆ ತುರುಕಬೇಡಿ. ಅದು ಹುಳು ತಿನ್ನುವ ಹಕ್ಕಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಸ್ವಲ್ಪ ಹೊತ್ತು ಕತ್ತಲಲ್ಲಿಡಿ. ಮೈ ಒಣಗಿ ಚುರುಕಾದ ಮೇಲೆ ಬಯಲಿನಲ್ಲಿ ಅಂಗೈ ಮೇಲಿಟ್ಟು ಕೈ ಮೇಲೆತ್ತಿ ಹಿಡಿಯಿರಿ. ಎಸೆಯಬಾರದು. ಶಕ್ತಿಯಿದ್ದರೆ ಅದೇ ಜಾರಿ ಹಾರುತ್ತದೆ. ಹಾರದಿದ್ದರೆ, ಇಲ್ಲವೇ ಪುಕ್ಕ ಪೂರ್ತಿ ಬೆಳೆಯದ ಮರಿಯಾಗಿದ್ದರೆ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಿಳಿಸಬೇಕು.

ಮತ್ತೆ ಗೋಡೆ ಮತ್ತು ಮರದ ಮಾತಿಗೆ ಬರೋಣ. ಹಾಸನದ ವಿಮಾನ ನಿಲ್ದಾಣದ ಯೋಜನೆಯಿಂದ ಬೂವನಹಳ್ಳಿಯ ಹೆಸರು ದೂರದೂರಕ್ಕೆ ಕೇಳಿಬಂದಿದೆ. ಇಂಥ ಯೋಜನೆ ಬಂದಲ್ಲಿ ಹೊಲದ ಜಾಗದಲ್ಲಿ ಹುಲ್ಲುಬಯಲು, ರಸ್ತೆ, ಕಾಂಕ್ರೀಟು ಬರುತ್ತದೆ. ಕಾಂಕ್ರೀಟಿಗೆ ಮನೆ ಬಾನಾಡಿ ಹೊಂದಿಕೊಳ್ಳಬಹುದು, ಮರ ಕಳೆದುಕೊಂಡರೆ ತಾಳೆ ಬಾನಾಡಿ ಹೋಗುತ್ತದೆ. ಒಂದೇ ಬದಲಾವಣೆ ಒಂದಕ್ಕೆ ಮನೆ ಕೊಟ್ಟು ಇನ್ನೊಂದರ ಮನೆ ಕಸಿಯುವುದನ್ನು ಕಣ್ಣಾರೆ ಅಳೆಯಲು ಇದಕ್ಕಿಂತ ತಕ್ಕ ಜಾಗ ಸಿಗದು. ಅದಕ್ಕೆ ದುಬಾರಿ ಸಲಕರಣೆ ಬೇಡ. ಬೂವನಹಳ್ಳಿ ಮತ್ತು ಸುತ್ತಿನ ಊರುಗಳ ಶಾಲೆಗಳು ಒಂದೊಂದು ನೋಟ್‌ಬುಕ್ ಇಟ್ಟರೆ ಸಾಕು. ಊರಿನಲ್ಲಿ ಎಷ್ಟು ತಾಳೆಮರಗಳಿವೆ, ಎಷ್ಟರಲ್ಲಿ ಒಣ ಓಲೆ ಜೋತಿದೆ, ಯಾವ ಕಟ್ಟಡದಲ್ಲಿ ಎಷ್ಟು ಗೂಡು, ತಿಂಗಳಿಗೊಮ್ಮೆ ಸಂಜೆಯ ಒಂದೇ ಹೊತ್ತಿನಲ್ಲಿ ಬಿಳಿ ಪಟ್ಟಿಯವು ಎಷ್ಟು, ಕವಲು ಬಾಲದವು ಎಷ್ಟು. ಮಕ್ಕಳು ಮನೆಗೆ ಹೋಗಿ ಹೇಳಿದರೆ ಗೂಡು ಕೆಡಹುವ ಗಳ, ಓಲೆ ಕಡಿಯುವ ಕತ್ತಿ ಕೆಲವು ಕಡೆಯಾದರೂ ನಿಲ್ಲುತ್ತದೆ. ಹತ್ತು ವರ್ಷ ಬರೆದಿಟ್ಟ ಅಂಥ ನೋಟ್‌ಬುಕ್ ಯಾವ ಇಲಾಖೆಯ ಕಡತಕ್ಕೂ ಕಡಿಮೆಯಲ್ಲದ ಸಾಕ್ಷಿ. ಈ ಶೈಕ್ಷಣಿಕ ವರ್ಷದಲ್ಲೇ ಅದರ ಮೊದಲ ಪುಟ ಬರೆಯಬೇಕು.